ಅಣ್ಣನ ಹೆಸರಿನಲ್ಲಿರುವ ವಿಳಾಸ

ಅರಸೀಕೆರೆಯ ನಮ್ಮ ಬೀದಿಯಲ್ಲಿ ನನ್ನನ್ನು ಬುದ್ಧಿವಂತ ಅನ್ನುತ್ತಾರೆ. ನಾನು ಡೊಮೇನ್ ಕೊಂಡ ಕಥೆ ಅವರಿಗೆ ಇನ್ನೂ ಗೊತ್ತಿಲ್ಲ.

ಮನೆಯ ಅಟ್ಟದಲ್ಲಿ, ಕೊಬ್ಬರಿ ಚೀಲಗಳ ಪಕ್ಕ, ನನ್ನದೊಂದು ಪುಟ್ಟ ಕಂಪ್ಯೂಟರ್ ಸದಾ ಓಡುತ್ತಿರುತ್ತದೆ. ತೀರಿಕೊಂಡ ಅಮ್ಮ ಹಾಡಿದ್ದ ಸೋಬಾನೆ ಪದಗಳೆಲ್ಲ ಅವಳದೇ ದನಿಯಲ್ಲಿ ಅದರಲ್ಲಿವೆ. ಬಾಣಾವರದ ತಂಗಿ ದಿನಾ ಬೆಳಿಗ್ಗೆ ಫೋನಿನಲ್ಲಿ ಒಂದು ವಿಳಾಸ ಒತ್ತಿ ಅವನ್ನು ಕೇಳುತ್ತಾಳೆ. ಕಂಪ್ಯೂಟರ್ ನನ್ನದು, ಹಾಡು ಅಮ್ಮನದು. ಆ ವಿಳಾಸದ ಹೆಸರು, ಅಂದರೆ ಡೊಮೇನ್, ಮಾತ್ರ ಬಾಡಿಗೆಯದು. ಇಂಥ ಹೆಸರು ಕೊಡುವ ಕಂಪನಿಗೆ ರಿಜಿಸ್ಟ್ರಾರ್ ಅನ್ನುತ್ತಾರೆ, ಅದಕ್ಕೆ ವರ್ಷಾ ವರ್ಷ ದುಡ್ಡು ಕಟ್ಟಬೇಕು. ತಪ್ಪಿದರೆ ಹೆಸರು ಯಾರ ಪಾಲಾದರೂ ಆಗಬಹುದು. ಹಳೇಬೀಡಿನ ಶಿಲ್ಪಿ ವಿಗ್ರಹದ ಕಾಲಡಿ ತನ್ನ ಹೆಸರು ಕೊರೆದು ಎದ್ದು ಹೋದ. ಬೇಲೂರಿನವನು ಬಿರುದನ್ನೂ ಸೇರಿಸಿದ. ನವೀಕರಣದ ಗೋಜು ಇಬ್ಬರಿಗೂ ಇರಲಿಲ್ಲ.

ನಮ್ಮಲ್ಲಿ ತೋಟ, ಮನೆ, ಕರೆಂಟು ಮೀಟರು ಎಲ್ಲ ಹಿರಿಯರ ಹೆಸರಿನಲ್ಲಿರಬೇಕು. ಅದೇ ರೂಢಿಯಲ್ಲಿ ಡೊಮೇನನ್ನೂ ಹಾರನಹಳ್ಳಿಯ ಅಣ್ಣನ ಹೆಸರಿಗೆ, ಅವನದೇ ಫೋನ್ ನಂಬರಿಗೆ ಬರೆಸಿದ್ದೆ. ಕಂಪನಿ ಮೊದಲ ವರ್ಷ ಅಗ್ಗಕ್ಕೆ ಕೊಟ್ಟು, ಎರಡನೆಯ ವರ್ಷ ಬೆಲೆ ಏರಿಸಿ, ಅಣ್ಣನಿಗೆ ನೆನಪೋಲೆಗಳನ್ನು ಕಳಿಸಿತು. ಅವನು ಎಲ್ಲವನ್ನೂ ಮೋಸವೆಂದು ಅಳಿಸಿದ. “ನನ್ ಹತ್ರ ಆಟ ಆಡಕ್ಕೆ ಬತ್ತಾರೆ” ಎಂದು ಒಂದು ದಿನ ಹೆಮ್ಮೆಯಿಂದ ಹೇಳಿಕೊಂಡಾಗಲೇ ನನಗೆ ವಿಷಯ ತಿಳಿದದ್ದು. ದುಡ್ಡು ಕಟ್ಟುವ ಗಡುವಿಗೆ ಉಳಿದಿದ್ದು ಮೂರೇ ದಿನ. ಅದು ದಾಟಿದರೆ ತಂಗಿ ಎಷ್ಟು ಒತ್ತಿದರೂ ಹಾಡು ಬರುವುದಿಲ್ಲ.

ಏರಿಸಿದ ಬೆಲೆ ಕೊಡಲು ಮನಸ್ಸಿಲ್ಲದೆ ಹೊಸ ರಿಜಿಸ್ಟ್ರಾರನ್ನು ಹುಡುಕಲು ಕೂತೆ. ಒಬ್ಬರು ಬೇಡದ ಮೇಲ್, ಬೇಡದ ಭದ್ರತೆ ಎಂದು ಹತ್ತು ಸಾಮಾನು ಅಂಟಿಸುತ್ತಾರೆ. ಇನ್ನೊಬ್ಬರಿಗೆ ಫೋನ್ ಮಾಡಿದರೆ ಬರೀ ಸಂಗೀತ. ಕೊನೆಗೆ ನನಗೆ ಹೊಳೆದದ್ದು ಇಷ್ಟು: ಒಳಗೆ ಬರುವ ಬಾಗಿಲು ಎಲ್ಲರದೂ ದೊಡ್ಡದೇ, ಹೊರಗೆ ಹೋಗುವ ಬಾಗಿಲು ಎಷ್ಟು ದೊಡ್ಡದು ಅಂತ ನೋಡಬೇಕು. ಬಿಟ್ಟು ಹೋಗುವವರನ್ನು ತಕರಾರಿಲ್ಲದೆ ಕಳಿಸಿಕೊಡುವ, ಮುಂದಿನ ವರ್ಷದ ಬೆಲೆಯನ್ನು ಇವತ್ತೇ ಹೇಳುವ ಒಂದು ಸಣ್ಣ ಕಂಪನಿಯನ್ನು ಆರಿಸಿದೆ.

ಹಳೆಯವರಿಂದ ಬಿಡಿಸಿಕೊಳ್ಳಲು ಒಟಿಪಿ ಬೇಕು. ಅದು ಹೋದದ್ದು ಅಣ್ಣನ ಫೋನಿಗೆ. ಕರೆ ಮಾಡಿ ಕೇಳಿದೆ.

“ಯಾರ್ಗೂ ಹೇಳ್ಬಾರ್ದು ಅಂತ ಇದ್ರಲ್ಲೇ ಬರ್ದೈತೆ” ಅಂದ.

“ನಾನು ನಿನ್ ತಮ್ಮ ಕಣಣ್ಣ.”

“ನಿನ್ ದನಿ ಈಗ ಯಾರ್ ಬೇಕಾದ್ರೂ ಮಾಡ್ತಾರಂತೆ. ಇರು, ನಾಳೆ ನಾನೇ ಬತ್ತೀನಿ.”

ಮಾರನೆಯ ದಿನ ಹತ್ತರ ಬಸ್ಸಿಗೆ ಬಂದೇಬಿಟ್ಟ. ಮತ್ತೆ ಒಟಿಪಿ ತರಿಸಿದೆ. ಫೋನಿಗೆ ಟವೆಲ್ ಮರೆಮಾಡಿಕೊಂಡು, ಒಂದೊಂದೇ ಅಂಕಿಯನ್ನು ತಾನೇ ಒತ್ತಿದ. ಊಟದ ಹೊತ್ತಿಗೆ ಹೆಸರು ಹೊಸಬರ ಕೈ ಸೇರಿತು. ಸರಿಯಾಗಿದೆಯೇ ಎಂದು ವಿಳಾಸ ಒತ್ತಿದೆ. ಅಮ್ಮನ ದನಿ ಬಂತು. ಅಣ್ಣ ಈ ರೆಕಾರ್ಡಿಂಗನ್ನು ಇದುವರೆಗೆ ಕೇಳಿಯೇ ಇರಲಿಲ್ಲ. ಹಾಡು ಮುಗಿದ ಮೇಲೆ ಅದೇ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ನನ್ ಹೆಸ್ರು ತೆಗ್ದು ನಿಂದು ಹಾಕ್ಕೊ ಕಣ್ಲಾ” ಅಂದ. “ಎಪ್ಪತ್ತೆಂಟಾಯ್ತು. ಮುಂದಿನ್ ವರ್ಷ ಒಟಿಪಿ ಒತ್ತಕ್ಕೆ ನಾನಿರ್ತೀನೋ ಇಲ್ವೋ.”

ಫೋನ್ ನಂಬರನ್ನು ಮಾತ್ರ ನನ್ನದಕ್ಕೆ ಬದಲಿಸಿದೆ. ಅಣ್ಣನ ಹೆಸರನ್ನು ಮುಟ್ಟಲಿಲ್ಲ. ನವೀಕರಣ ಎಷ್ಟು ವರ್ಷಕ್ಕೆ ಎಂದು ಪರದೆ ಕೇಳಿತು. ಹೆಚ್ಚೆಂದರೆ ಹತ್ತು ವರ್ಷ ಕೊಡುತ್ತಾರಂತೆ. ಹತ್ತನ್ನೇ ಒತ್ತಿದೆ.