ಅಪ್ಪ ಒಳಗೆ ಅಂಟಿಸಿದ ಚೀಟಿ

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಸಂಜೆಯೇ ನಾನು ಆಫೀಸಿನಿಂದ ನೇರ ಅಲ್ಲಿಗೆ ಹೋಗಿದ್ದೆ. ಹನ್ನೆರಡು ವರ್ಷ ಹೀಗೆಂದೇ ನಂಬಿದ್ದೆ. ಈ ಸಲ ಅಪ್ಪನ ತಿಥಿಯ ದಿನ ದಿಲ್‌ಸುಖ್‌ನಗರದ ಅಕ್ಕ ಎಲೆಗೆ ಅನ್ನ ಬಡಿಸುತ್ತಲೇ ಅಲ್ಲವೆಂದಳು.

"ನೀ ಮರುದಿನ ಬಂದಿ. ಮೊದಲನೇ ದಿನ ನಾ ಒಬ್ಬಾಕಿನೇ ಇದ್ದೆ."

ನನ್ನ ಬಳಿ ಡೈರಿ ಇತ್ತು, ಆಗಿನ ತೆಳು ಲ್ಯಾಪ್‌ಟಾಪಿನಲ್ಲಿ. ಕುಷಾಯಿಗೂಡದ ಮನೆಯಿಂದ ಆಫೀಸಿಗೆ ಬಸ್ಸಿನಲ್ಲಿ ಎರಡು ಗಂಟೆ. ಆ ಹೊತ್ತಿನಲ್ಲಿ ಬರೆಯಲೆಂದೇ ಕೊಂಡದ್ದು. ಅದಕ್ಕೆ ಫ್ಯಾನ್ ಇಲ್ಲ, ತೊಡೆ ಸುಡುವುದಿಲ್ಲ, ಯಾವುದಕ್ಕೂ ಅವಸರವಿಲ್ಲ. ಬ್ಯಾಟರಿ ಇನ್ನರ್ಧ ಗಂಟೆ ಬರಲೆಂದು ಪರದೆಯ ಬೆಳಕು ಇಳಿಸಿದೆ, ಪ್ರೊಸೆಸರಿನ ವೇಗ ತಗ್ಗಿಸಿದೆ, ನನಗೆ ಕಾಣದಂತೆ ಓಡುತ್ತಿದ್ದ ಪ್ರೋಗ್ರಾಮ್‌ಗಳನ್ನು ಒಂದೊಂದಾಗಿ ನಿಲ್ಲಿಸಿದೆ. ಇಂಟರ್ನೆಟ್ಟಿನಿಂದ ಗಡಿಯಾರ ಸರಿಮಾಡಿಕೊಳ್ಳುವುದೂ ಅದರಲ್ಲೇ ಹೋಯಿತು. ಆಮೇಲೆ, ಗಡಿಯಾರವನ್ನು ನಡೆಸುವ ಒಳಗಿನ ಬಿಲ್ಲೆ ಸೆಲ್ ಕೂಡ ಸತ್ತು, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಯಿತು.

ಫೈಲ್ ತೆರೆದೆ. "ಆಫೀಸಿನಿಂದ ನೇರ ಆಸ್ಪತ್ರೆಗೆ. ಅಪ್ಪ ಸೆಲ್ ಬದಲಿಸಿದರು." ತಾರೀಖು ಮಾತ್ರ ಆ ಯಂತ್ರ ಹುಟ್ಟುವ ಮೊದಲಿನದು. ಹೊಸ ಸೆಲ್ ಹಾಕಿದ ಮೇಲೂ ನಾನು ಗಡಿಯಾರ ತಿದ್ದಿರಲಿಲ್ಲ.

ಬದಲಿಸಿದ್ದು ನೆನಪಿದೆ. ಕೋಠಿ ಬಜಾರಿನಲ್ಲಿ ಕೊಂಡ ಸೆಲ್ಲು, ಸಣ್ಣ ಸ್ಕ್ರೂಡ್ರೈವರು ವಾರದಿಂದ ಬ್ಯಾಗಿನಲ್ಲೇ ಇದ್ದವು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೋರ್ಡುಗಳನ್ನು ಪರೀಕ್ಷಿಸಿದ ಅಪ್ಪ, ಕೈ ಖಾಲಿ ಇದೆ ಕೊಡು ಅಂದರು. ಮಂಚದ ಮೇಲೆ ಕೂತು, ಬಿಚ್ಚಿದ ಸ್ಕ್ರೂಗಳನ್ನು ಮಾತ್ರೆಯ ಬಟ್ಟಲಿಗೆ ಹಾಕಿದರು. ಮುಚ್ಚುವ ಮೊದಲು ನರ್ಸಿನ ಹತ್ತಿರ ಒಂದು ತುಂಡು ಪ್ಲಾಸ್ಟರ್ ಕೇಳಿದರು.

ಅವರ ಕಾರ್ಖಾನೆಯಲ್ಲಿ ಯಾರು ಏನು ಬಿಚ್ಚಿದರೂ ತಾರೀಖು, ಸಹಿ ಇರುವ ಚೀಟಿಯನ್ನು ಒಳಗೆ ಅಂಟಿಸಿಯೇ ಮುಚ್ಚಬೇಕು. ನಮ್ಮ ಮನೆಯ ರೇಡಿಯೋ, ಮಿಕ್ಸಿ ಎಲ್ಲದರ ಹೊಟ್ಟೆಯಲ್ಲೂ ಅಪ್ಪನ ಚೀಟಿಗಳಿವೆ.

ಭಾನುವಾರ ಲ್ಯಾಪ್‌ಟಾಪಿನ ತಳ ಬಿಚ್ಚಿದೆ. ಪ್ಲಾಸ್ಟರ್ ಹಳದಿಯಾಗಿತ್ತು, ಅದರ ಮೇಲಿನ ಅಪ್ಪನ ಅಕ್ಷರ ಸ್ವಲ್ಪ ನಡುಗಿತ್ತು. ಅಕ್ಕ ಇಟ್ಟುಕೊಂಡಿದ್ದ ಆಸ್ಪತ್ರೆಯ ಕಾಗದದಲ್ಲಿ ಸೇರಿಸಿದ ದಿನ ಹನ್ನೊಂದನೇ ತಾರೀಖು. ಅಪ್ಪ ಬರೆದದ್ದು ಹನ್ನೆರಡು.

ಡೈರಿಯ ವಾಕ್ಯ ಸುಳ್ಳಲ್ಲ. ಯಾವ ದಿನ ಎನ್ನುವುದನ್ನು ಮಾತ್ರ ನಾನೇ ಸೇರಿಸಿಕೊಂಡಿದ್ದೆ. ಹನ್ನೊಂದರ ಸಂಜೆ ಎಲ್ಲಿದ್ದೆ? ಆಫೀಸಿನ ಕೆಲಸದಲ್ಲಿ ಎಂದು ಬರೆಯಬಹುದು, ಆದರೆ ಗೊತ್ತಿಲ್ಲ.

ಅಕ್ಕನಿಗೆ ಫೋನ್ ಮಾಡಿ, ನೀ ಹೇಳಿದ್ದೇ ಖರೆ ಅಂದೆ.

"ಅವತ್ತು ಅಪ್ಪ ನೀ ಎಲ್ಲಿ ಅಂತ ಎರಡು ಸಲ ಕೇಳಿದ್ರು. ಬಸ್ ಸಿಕ್ಕಿಲ್ಲಂತ ಅಂದೆ."

ಮುಚ್ಚುವ ಮೊದಲು ಅಪ್ಪನ ಚೀಟಿಯ ಪಕ್ಕ ನನ್ನದೊಂದು ಅಂಟಿಸಿದೆ. ತಾರೀಖನ್ನು ಕ್ಯಾಲೆಂಡರ್ ನೋಡಿಯೇ ಬರೆದೆ.