ಗುಡೂರಿನ ಮೇಲೆ ಹೋಗುವ ದಾರಿ

ನಮ್ಮ ಕಡೆ ದಾರಿ ಕೇಳಿದವನಿಗೆ ದಾರಿ ಹೇಳುವುದಕ್ಕಿಂತ ಮೊದಲು ‘ಯಾರ ಮನಿಗೆ ಹೊಂಟೀರಿ?’ ಎಂದು ಕೇಳುತ್ತಾರೆ. ಒಂದು ಗುಡ್ಡವನ್ನೋ ಹೊಳೆಯನ್ನೋ ಸುಮ್ಮನೆ ನೋಡಿ ಬರುವುದಕ್ಕಾಗಿ ಒಬ್ಬ ಮನುಷ್ಯ ಮೈಕೈ ನೋಯಿಸಿಕೊಂಡು ಹೊರಟಾನೆಂಬ ಕಲ್ಪನೆ ಬಾಗಲಕೋಟೆಯಿಂದ ಇಳಕಲ್ಲಿನವರೆಗಿನ ಸೀಮೆಯಲ್ಲಿ ಯಾರಿಗೂ ಇದ್ದಂತಿಲ್ಲ. ಗುಡ್ಡ ಇದ್ದಲ್ಲಿಯೇ ಇರುತ್ತದೆ, ನೋಡಲು ಬರಲಿಲ್ಲವೆಂದು ಮುನಿಸಿಕೊಳ್ಳುವುದೂ ಇಲ್ಲ. ನೆಂಟರ ವಿಷಯದಲ್ಲಿ ಇವೆರಡರಲ್ಲಿ ಒಂದಕ್ಕೂ ಭರವಸೆ ಕೊಡಲಾಗದು. ಆದ್ದರಿಂದ ನಮ್ಮವರ ಮಟ್ಟಿಗೆ ಪ್ರವಾಸವೆಂದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು, ನಡುವಿನ ಸೃಷ್ಟಿಸೌಂದರ್ಯವೆಲ್ಲ ಬರಿಯ ಅಡಚಣೆ.

ನಾನು ಈ ವಿಷಯವನ್ನು ಚಿಂತಿಸುವಂತಾದದ್ದು ಸೈಕಲ್ಲಿನ ದೆಸೆಯಿಂದ. ಆ ವಾಹನ ನಮ್ಮ ಜಿಲ್ಲೆಗೆ ಆಗಷ್ಟೇ ಕಾಲಿಟ್ಟಿತ್ತು. ಬಾಗಲಕೋಟೆಯಲ್ಲಿ ಕಕ್ಷಿದಾರರಿಗಿಂತ ಬಿಡುವನ್ನೇ ಹೆಚ್ಚು ಸಂಪಾದಿಸಿದ್ದ ವಕೀಲನಾದ ನಾನೂ, ನನ್ನ ನೆರೆಯವರೂ ಇಳಕಲ್ಲ ಸೀರೆಯ ವ್ಯಾಪಾರಿಗಳೂ ಆದ ಇಮಾಮಸಾಬರೂ ಮುಂಬಯಿಯಿಂದ ಒಂದೊಂದು ಸೈಕಲ್ಲನ್ನು ತರಿಸಿಕೊಂಡೆವು. ಕಲಿಯುವಾಗ ನಾನು ಬಿದ್ದ ನಾನಾ ಭಂಗಿಗಳನ್ನು ವರ್ಣಿಸಿ ವಾಚಕರ ಸಹಾನುಭೂತಿಯನ್ನು ಗಳಿಸಬಹುದಿತ್ತು. ಆದರೆ ಕಣ್ಣಾರೆ ಕಂಡವರೇ ಹೊಟ್ಟೆ ಹಿಡಿದುಕೊಂಡು ನಕ್ಕಿರುವಾಗ ಕಾಣದ ನಿಮ್ಮಿಂದ ಅದನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಬೀಳುವುದು ವಿರಳವಾದೊಡನೆ, ಇಳಕಲ್ಲಿನವರೆಗೆ ದೀರ್ಘ ಪ್ರವಾಸವೊಂದನ್ನು ಮಾಡಬೇಕೆಂಬ ಹುಚ್ಚು ನಮ್ಮಿಬ್ಬರ ತಲೆಗೂ ಹತ್ತಿತು.

ಶಿರೂರು, ಹುನಗುಂದದ ಮೇಲೆ ಹೋಗುವ ಸಡಕು ನೆಟ್ಟಗಿನದು. ಆದರೆ ಅದು ಹತ್ತಿಯ ಗಾಡಿಗಳ ಸಾಮ್ರಾಜ್ಯ; ಸೈಕಲ್ಲಿನ ಗಂಟೆ ಕೇಳಿದ್ದೇ ತಡ ಎತ್ತುಗಳು ಬೆದರಿ ಹೊಲಕ್ಕಿಳಿಯುತ್ತವೆ, ಗಾಡಿಯವನು ನಮ್ಮ ತಾಯಿ ತಂದೆಗಳ ಗುಣಗಾನಕ್ಕಿಳಿಯುತ್ತಾನೆ, ಅವನು ಮುಗಿಸುವ ಹೊತ್ತಿಗೆ ಧೂಳು ನಮ್ಮ ಬಾಯಿಯನ್ನು ಮುಚ್ಚಿರುತ್ತದೆ. ಅದಕ್ಕಾಗಿ ನಾನು ರಮ್ಯವೂ ನಿಶ್ಶಬ್ದವೂ ಆದ ಇನ್ನೊಂದು ಮಾರ್ಗವನ್ನು ಯೋಜಿಸಿದೆ: ಬಾದಾಮಿಯ ಕೆಂಪು ಬಂಡೆಗಳ ಬುಡದಲ್ಲಿ ಒಂದು ರಾತ್ರಿ ಕಳೆದು, ಪಟ್ಟದಕಲ್ಲಿನಲ್ಲಿ ಮಲಪ್ರಭೆಯನ್ನು ದಾಟಿ, ಬಿಳಿಜೋಳದ ಹೊಲಗಳ ನಡುವೆ ಗುಡೂರಿನ ಮೇಲೆ ಹಾಯ್ದು ಇಳಕಲ್ಲನ್ನು ಸೇರುವುದು. ಈ ಮಾರ್ಗದಲ್ಲಿ ನಾನು ಆವರೆಗೆ ಹೋಗಿರಲಿಲ್ಲವಾದ್ದರಿಂದ ಅದರ ಸೌಂದರ್ಯದ ಬಗ್ಗೆ ನನಗೆ ಲೇಶವೂ ಸಂದೇಹವಿರಲಿಲ್ಲ.

ನಕ್ಷೆಯನ್ನು ರಚಿಸಿದ್ದು ಇಮಾಮಸಾಬರ ಅಂಗಡಿಯ ಗಾದಿಯ ಮೇಲೆ. ಮಲಪ್ರಭೆಗಾಗಿ ಒಂದು ಸೀರೆಯ ಸೆರಗನ್ನು ಡೊಂಕಾಗಿ ಹಾಸಿ, ಊರಿಗೊಂದರಂತೆ ಅಡಿಕೆಯ ಹೋಳುಗಳನ್ನಿಟ್ಟೆ. ಭೂಗೋಳಶಾಸ್ತ್ರದ ಈ ಪದ್ಧತಿಯಲ್ಲಿ ಒಂದೇ ತೊಡಕು: ಸೀರೆ ನೋಡಲು ಬಂದವರು ಮಾತಿನ ಭರದಲ್ಲಿ ಊರುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹುನಗುಂದವನ್ನು ತಾಲೂಕಿನ ಊರೆಂದೂ ನೋಡದೆ ಅಗಿದವರುಂಟು. ಆದರೆ ಗುಡೂರನ್ನು ಮಾತ್ರ ಯಾವ ಗಿರಾಕಿಯೂ ಮುಟ್ಟಿರಲಿಲ್ಲ; ಪ್ರತಿ ಸಲವೂ ಅದನ್ನು ನುಂಗಿದವರು ಸ್ವತಃ ಇಮಾಮಸಾಬರು. ಇದು ನನ್ನ ಲಕ್ಷ್ಯಕ್ಕೆ ಬರುವಷ್ಟರಲ್ಲಿ ಬಹಳ ಅಡಿಕೆ ಖರ್ಚಾಗಿತ್ತು.

ಆ ದಾರಿಗೆ ಅವರು ತೆಗೆದ ತಕರಾರುಗಳಿಗೂ ಲೆಕ್ಕವಿರಲಿಲ್ಲ. ಎರೆಮಣ್ಣು ಗಾಲಿಗೆ ಮೆತ್ತುತ್ತದೆ, ಜಾಲಿಯ ಮುಳ್ಳು ಟೈರಿಗೆ ಚುಚ್ಚುತ್ತದೆ, ಗುಡೂರಿನ ನಾಯಿಗಳಂಥ ನಾಯಿಗಳು ಬೇರೆಲ್ಲಿಯೂ ಇಲ್ಲ. ಕೋರ್ಟಿನಲ್ಲಿ ಸಿಗದ ಅವಕಾಶ ಇಲ್ಲಿ ಸಿಕ್ಕಿತೆಂಬ ಉತ್ಸಾಹದಿಂದ ನಾನು ಒಂದೊಂದನ್ನೇ ಖಂಡಿಸುತ್ತ ಹೋದೆ. ನಾಯಿಗಳ ಪರವಾಗಿಯೂ ನಾನು ಸಮರ್ಥವಾಗಿ ವಾದಿಸಿದ ಸಂಜೆ, ಇಮಾಮಸಾಬರು ಸೋತ ದನಿಯಲ್ಲಿ, ‘ಅಲ್ಲಿ ನಮ್ಮ ಅಕ್ಕ ಅದಾಳ್ರಿ, ವಕೀಲ್ರ’ ಎಂದರು.

ಅಕ್ಕ ಅಮೀನಾಬಿ ತನ್ನ ಮಗನಿಗೆ ತಮ್ಮನ ಮಗಳನ್ನು ಕೇಳಿದ್ದಳಂತೆ. ನಮ್ಮಲ್ಲಿ ಅಕ್ಕನಾದವಳು ಹಾಗೆ ಕೇಳುವುದು ಯಾಚನೆಯಲ್ಲ, ಹಕ್ಕು. ಇಮಾಮಸಾಬರು ಮಗಳನ್ನು ಹುಬ್ಬಳ್ಳಿಗೆ ಕೊಟ್ಟರು. ಅಂದಿನಿಂದ ಈ ಮನೆಯವರು ಆ ಮನೆಯ, ಆ ಮನೆಯವರು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಆದರೂ ಸಂಬಂಧ ಹರಿಯಿತೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಕ್ಕತಂಗಿಯರನ್ನು ಕೊಟ್ಟ ಊರೊಳಗೆ ಹಾಯ್ದು, ಅವರ ಮನೆಯ ನೀರು ಕುಡಿಯದೆ ಮುಂದೆ ಹೋದರೆ ಮಾತ್ರ ಸಂಬಂಧ ಮುಗಿದಂತೆ. ಇದು ನಮ್ಮ ಸೀಮೆಯ ರೂಢಿ. ಹಿಂದೂ ಮುಸಲ್ಮಾನರೆಂಬ ಭೇದ ಅದಕ್ಕಿಲ್ಲ. ಆ ಊರಿನ ಕಡೆಗೇ ಹೋಗದವನಿಗೆ ಅತ್ತ ಕೆಲಸ ಬೀಳಲಿಲ್ಲವೆಂಬ ನೆಪವೊಂದಿರುತ್ತದೆ, ಅದು ಎರಡೂ ಮನೆಗಳ ಮಾನವನ್ನು ಕಾಯುತ್ತಿರುತ್ತದೆ.

‘ಹಾದು ಹೋಗಾಕ ನನಗ ಆಗಂಗಿಲ್ರಿ. ನಿಂತ್ನೆಪಾ ಅಂದ್ರ, ಆಕಿ ಒಳಗಿಂದ ಬಾಗಿಲಾ ಹಾಕ್ಕೊಂಡ್ರ ಏನ್ ಮಾಡ್ಲಿ?’ ಎಂದರು ಇಮಾಮಸಾಬರು. ‘ಹೋಗಲಿಲ್ಲಂದ್ರ, ನನಗೊಬ್ಬಾಕಿ ಅಕ್ಕ ಅದಾಳ ಅಂತಾದ್ರೂ ಇರ್ತೈತಿ.’

ನಾನು ಗುಡೂರನ್ನು ಕೈಬಿಟ್ಟು, ಹೊಳೆ ದಾಟಿದ ಮೇಲೆ ಎಡಕ್ಕೆ ಹೊರಳಿ ಐಹೊಳೆಯ ಮೇಲೆ ಹುನಗುಂದಕ್ಕೆ ಹೋಗುವಂತೆ ಮಾರ್ಗವನ್ನು ತಿದ್ದಿದೆ.

ಬಾದಾಮಿಯವರೆಗಿನ ದಾರಿಯನ್ನು ನಾನು ನೋಡಲಿಲ್ಲ, ಮುಂದಿನ ಗಾಲಿಯನ್ನೇ ನೋಡುತ್ತಿದ್ದೆ. ಸೃಷ್ಟಿಸೌಂದರ್ಯವನ್ನು ಸವಿಯಬೇಕಾದರೆ ಸೈಕಲ್ಲಿನಿಂದ ಇಳಿಯಬೇಕೆಂಬ ಅಂಶವನ್ನು ಯೋಜನೆಯ ಕಾಲದಲ್ಲಿ ನಾನು ಗಮನಿಸಿರಲಿಲ್ಲ. ಮರುದಿನ ಮಲಪ್ರಭೆಯನ್ನು ಮೊಳಕಾಲುದ್ದದ ನೀರಿನಲ್ಲಿ ದಾಟಿದೆವು. ಅಷ್ಟು ದೂರ ನಮ್ಮನ್ನು ಹೊತ್ತುತಂದ ಸೈಕಲ್ಲುಗಳು ಅಲ್ಲಿ ನಮ್ಮ ಹೆಗಲೇರಿ ಋಣ ತೀರಿಸಿಕೊಂಡವು. ಆಚೆಯ ದಂಡೆಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ ಕುರುಬನೊಬ್ಬ, ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಸಿನ, ಸೈಕಲ್ಲುಗಳನ್ನು ಬಿಟ್ಟು ಇಮಾಮಸಾಬರ ಮುಖವನ್ನೇ ದಿಟ್ಟಿಸಿದ.

‘ನಮ್ಮ ಗುಡೂರ ಅಮೀನಾಬೀ ತಮ್ಮ ಹೌದಲ್ರಿ ನೀವು? ಮಾರಿ ಥೇಟ್ ಹಂಗ ಐತಿ. ಅಕ್ಕನ ಮನಿಗೆ ಹೊಂಟೀರೇನ್ರಿ?’

ಅವನ ದೃಷ್ಟಿಯಲ್ಲಿ ಆ ದಾರಿಗೆ ಬೇರೆ ಪ್ರಯೋಜನವೇ ಇರಲಿಲ್ಲ. ಇಮಾಮಸಾಬರು ಒಮ್ಮೆ ಅವನನ್ನು, ಒಮ್ಮೆ ಹೊಳೆಯನ್ನು ನೋಡಿ ‘ಹೂಂ’ ಎಂದರು. ಇಂಥ ಉತ್ತರವನ್ನು ಕೋರ್ಟಿನಲ್ಲಾದರೆ ಮಾರ್ಪಡಿಸಲು ಹತ್ತು ಉಪಾಯಗಳಿವೆ. ಹೊಳೆಯ ದಂಡೆಯಲ್ಲಿ ಕುರುಬನ ಮುಂದೆ ಹೇಳಿದ್ದಕ್ಕೆ ಒಂದೂ ಇಲ್ಲ, ಏಕೆಂದರೆ ಸಂಜೆಯೊಳಗೆ ಅದು ಗುಡೂರನ್ನು ಮುಟ್ಟುತ್ತದೆ. ದಾರಿ ಒಡೆಯುವಲ್ಲಿ ನಾನು ಐಹೊಳೆಯ ಕಡೆಗೆ ಹ್ಯಾಂಡಲ್ಲನ್ನು ತಿರುಗಿಸಿದೆ. ಇಮಾಮಸಾಬರು ನನ್ನ ಕಡೆಗೆ ನೋಡದೆ ಗುಡೂರಿನ ದಾರಿ ಹಿಡಿದರು. ನಾನು ಹಿಂದಿನಿಂದ ಹೋದೆ.

ಆ ಊರು ಅದುವರೆಗೆ ಸೈಕಲ್ಲನ್ನು ಕಂಡಿರಲಿಲ್ಲ. ಊರಬಾಗಿಲಾದ ಅಗಸಿಯ ಹತ್ತಿರ ಬರುವಷ್ಟರಲ್ಲಿ ನಾಯಿಗಳು ಸೇರಿದವು, ಅವುಗಳ ಹಿಂದೆ ಜನ ಸೇರಿತು. ನಿಶ್ಶಬ್ದ ಮಾರ್ಗವನ್ನು ಯೋಜಿಸಿದ ನನಗೆ ಅಷ್ಟು ದೊಡ್ಡ ಗದ್ದಲ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಇಮಾಮಸಾಬರು ಇಳಿದು ಸೈಕಲ್ಲನ್ನು ನೂಕಿಕೊಂಡು ನಡೆದರು. ಒಂದು ಮನೆಯ ಬಾಗಿಲಲ್ಲಿ ಎತ್ತರದ ಮುದುಕಿಯೊಬ್ಬಳು ನಿಂತಿದ್ದಳು. ಕುರುಬ ಹೇಳಿದ್ದು ನಿಜ, ಮುಖ ಅದೇ. ಬಾಗಿಲು ತೆರೆದೇ ಇತ್ತು. ಆದರೆ ಆಕೆ ತಮ್ಮನ ಕಡೆಗೆ ಕಣ್ಣೆತ್ತದೆ ನನ್ನನ್ನು ನೋಡಿದಳು.

‘ಅಣ್ಣಾರ, ನಿಮ್ಮ ಜೋಡಿ ಬಂದವ್ರು ನೀರು ಕುಡೀತಾರೇನು, ಕೇಳ್ರಿ.’

ಜೊತೆಯವರು ನನ್ನ ಪಕ್ಕದಲ್ಲಿಯೇ ಇದ್ದರು. ಆದರೂ ಹೊರಳಿ ಕೇಳಿದೆ.

‘ಕುಡೀತೇನಿ ಅಂತ ಹೇಳ್ರಿ, ವಕೀಲ್ರ.’

ಹೇಳಿದೆ. ನನ್ನ ವೃತ್ತಿಜೀವನದಲ್ಲಿ ಎರಡೂ ಪಕ್ಷದವರು ನನ್ನನ್ನೇ ವಕೀಲನನ್ನಾಗಿ ಹಿಡಿದದ್ದು ಅದೊಂದೇ ಸಲ. ಆಕೆ ಒಳಗೆ ಹೋಗಿ ತಂಬಿಗೆ ತಂದು ನನ್ನ ಕೈಗೆ ಕೊಟ್ಟಳು, ನಾನು ಅದನ್ನು ಇಮಾಮಸಾಬರ ಕೈಗೆ ದಾಟಿಸಿದೆ. ಅವರು ನಿಂತಲ್ಲಿಯೇ ಎತ್ತಿ ಕುಡಿಯಹೋದರು. ನೀರು ಬಾಯಿಗಿಂತ ಹೆಚ್ಚಾಗಿ ಗಡ್ಡದ ಮೇಲೆ, ಅಂಗಿಯ ಮೇಲೆ ಸುರಿಯಿತು, ನೆತ್ತಿಗೇರಿ ಕೆಮ್ಮು ಬಂತು. ಅಮೀನಾಬಿಗೆ ಆ ಕ್ಷಣದಲ್ಲಿ ನಾನು ಮರೆತುಹೋದೆ.

‘ಕುಂತು ಕುಡಿಯೋ ಇಮಾಮ! ಸಣ್ಣಾಂವ ಇದ್ದಾಗಿಂದ ಹೇಳಾಕತ್ತೀನಿ, ಕುಂತು ಕುಡಿ ಅಂತ.’

ಇಮಾಮಸಾಬರು ಹೊಸ್ತಿಲ ಒಳಗೆ ಕಾಲಿಟ್ಟು, ಆಕೆ ತೋರಿಸಿದ ಕಡೆ ನೆಲದ ಮೇಲೆ ಕುಳಿತರು. ಅಕ್ಕ ಸೆರಗಿನಿಂದ ಅವರ ಗಡ್ಡ ಒರೆಸಿದಳು. ನನ್ನನ್ನು ನೀರು ಬೇಕೇ ಎಂದು ಯಾರೂ ಕೇಳಲಿಲ್ಲ; ನಾನು ಎರಡೂ ಸೈಕಲ್ಲುಗಳನ್ನು ಗೋಡೆಗೆ ಒರಗಿಸಿದೆ.

ಇಳಕಲ್ಲಿಗೆ ಹೋಗುವ ರಮ್ಯವಾದ ದಾರಿ ಯಾವುದೆಂದು ಈಗೀಗ ಸೈಕಲ್ಲು ಕೊಂಡವರು ನನ್ನನ್ನು ಕೇಳುತ್ತಾರೆ. ಗುಡೂರಿನವರೆಗಿನದನ್ನು ಹೇಳುತ್ತೇನೆ. ಅದರಿಂದ ಆಚೆಯದು ನನಗೆ ಗೊತ್ತಿಲ್ಲ, ನಾವು ಮುಂದೆ ಹೋಗಲಿಲ್ಲ.