ಅತ್ತೆ ಅಗಿದ ಅಟ್ಟೆ

ನನ್ನ ಅತ್ತೆ ಕೌನಾಕ್ ಅವರ ಹಲ್ಲುಗಳು ಐವತ್ತಕ್ಕೇ ಒಸಡಿನ ಮಟ್ಟಕ್ಕೆ ಸವೆದಿದ್ದವು. ಗಂಡ, ಏಳು ಮಕ್ಕಳು, ಆಮೇಲೆ ನಾನು. ಇಷ್ಟೂ ಜನರ ಸೀಲ್ ಚರ್ಮದ ಬೂಟಿನ ಅಟ್ಟೆಗಳನ್ನು ದಿನಾ ಬೆಳಗ್ಗೆ ಅಗಿದು ಮೆತ್ತಗೆ ಮಾಡಿದ ಬಾಯಿ ಅದು. ನಮ್ಮ ಹಿಮನಾಡಿನಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡುವಂತಿಲ್ಲ. ನನ್ನ ಬಗ್ಗೆ ಅವರ ಅಭಿಪ್ರಾಯ ಬಲ್ಲವನಾದ್ದರಿಂದ ಆ ಕಟ್ಟಳೆ ನನಗೆ ವರವಾಗಿತ್ತು. ಹೇಳಲೇಬೇಕಾದ್ದನ್ನು ನನ್ನ ಹೆಂಡತಿಗೆ ಹೇಳುತ್ತಿದ್ದರು. ಅವಳಿಲ್ಲದಿದ್ದರೆ ನನ್ನ ನಾಯಿ ಕಿರ್ನಿಕ್‌ಗೆ.

ಆ ವಸಂತದಲ್ಲಿ ಹೆಂಡತಿ ಬಾಣಂತಿ. ಬೇಟೆಯ ಸೀಲ್ ಕೊಯ್ದುಕೊಡಲು ಅತ್ತೆಯೇ ನನ್ನೊಡನೆ ಕಡಲ ಮಂಜುಗಡ್ಡೆಯ ಅಂಚಿಗೆ ಬಂದರು. ಬದಲಿ ಬೂಟು ಭಾರವೆಂದು ಮನೆಯಲ್ಲೇ ಬಿಟ್ಟಿದ್ದ ನಾನು ಇನ್ನೊಂದು ಘನಂದಾರಿ ಕೆಲಸ ಮಾಡಿದೆ. ರಾತ್ರಿ ಬಿಡಾರದಲ್ಲಿ ಒದ್ದೆ ಬೂಟುಗಳನ್ನು ದೀಪದ ನೆತ್ತಿಯ ಮೇಲೇ ಒಣಹಾಕಿದೆ. ನಮ್ಮಲ್ಲಿ ತೊದಲು ಮಾತಿನ ಮಗುವೂ ಹಾಗೆ ಮಾಡುವುದಿಲ್ಲ. ಬೆಳಗ್ಗೆ ಅಟ್ಟೆ ಹಲಗೆಯಾಗಿತ್ತು. ಎಡಗಾಲು ತೂರಿಸಿದ್ದೇ ತಡ, ಹಿಮ್ಮಡಿಯ ಹೊಲಿಗೆ ಗೇಣುದ್ದ ಬಿರಿಯಿತು.

ಅಷ್ಟರಲ್ಲಿ ನಾಯಿಗಳು ಊಳಿಟ್ಟವು. ನಮಗೂ ದಡಕ್ಕೂ ನಡುವೆ ಮಂಜುಗಡ್ಡೆ ಸೀಳಿತ್ತು. ಬಿರುಕು ಜಾರುಬಂಡಿಯ ಉದ್ದಕ್ಕಿಂತ ಅಗಲವಾದರೆ ನಾವು ಕಡಲಿನ ಪಾಲು. ಬಿರಿದ ಬೂಟಿನಲ್ಲೇ ದಾಟಿದರೆ ಅಂಚಿನ ನೀರಲ್ಲಿ ಕಾಲು ನೆನೆಯುತ್ತದೆ. ಮನೆಗೆ ಒಂದು ಹಗಲಿನ ದಾರಿ, ಕಾಲು ಅಷ್ಟು ಹೊತ್ತು ಬಾಳದು.

ನಾನು ಎದ್ದು ಓಡಲು ಹೊರಟೆ.

"ಕಿರ್ನಿಕ್, ನಿನ್ ಯಜಮಾನಂಗೆ ಕೂತ್ಕೊಂಡು ಬೂಟು ಬಿಚ್ಚೋಕೆ ಹೇಳು."

ಅವರು ಕೇಳುವ ಮೊದಲೇ, ಬಲಗಾಲಿನದು ಸರಿಯಾಗಿದೆ ಎಂದು ನಾನು ಕಿರ್ನಿಕ್‌ಗೆ ತಿಳಿಸಿದೆ.

ಅತ್ತೆ ಹಿಮ್ಮಡಿಯನ್ನು ಬಾಯಿಗಿಟ್ಟು ಅಗಿದರು. ಹಿಮಸಾರಂಗದ ಬೆನ್ನಿನ ನರವನ್ನು ಸೂಜಿಗೆ ಪೋಣಿಸಿದರು. ಸೂಜಿ ಚರ್ಮದ ಅರ್ಧ ದಪ್ಪಕ್ಕಷ್ಟೇ ಇಳಿಯಬೇಕು, ಆಚೆ ಬದಿಗೆ ತೂರಿದರೆ ನೀರಿಗೆ ಬಾಗಿಲು ತೆರೆದಂತೆ. ಒಂದು ಸಾಲು ಮುಗಿಯುವಾಗ ಬಿರುಕು ಮೊಳವಾಗಿತ್ತು. ಎರಡನೆಯದು ಮುಗಿಯುವಾಗ ಮಾರು. ಆಮೇಲೆ ಸೋರುತ್ತದೆಯೇ ಎಂದು ನೋಡಲು ಬೂಟಿನ ಬಾಯಿ ಹಿಂಡಿ ಹಿಡಿದು ಊದಿದರು. ಎಲ್ಲೋ ಸುಯ್ ಎಂದಿತು. ಮೂರು ಹೊಲಿಗೆ ಬಿಚ್ಚತೊಡಗಿದರು.

"ಸಾಕು ಅಂತ ಹೇಳೋ ಕಿರ್ನಿಕ್," ಎಂದೆ.

"ಯಜಮಾನಂಗೆ ಕಾಲಿಲ್ದಿದ್ರೂ ನಡಿಯುತ್ತಾ ಕೇಳು, ಕಿರ್ನಿಕ್. ನನ್ ಮಗಳಿಗೆ ನಡಿಯಲ್ಲ."

ಮತ್ತೆ ಹೊಲಿದು, ಮತ್ತೆ ಊದಿ, ಬೂಟು ಎಸೆದರು. ಜಾರುಬಂಡಿಯನ್ನು ಸೇತುವೆಯಂತೆ ನೂಕಿದಾಗ ಅದರ ಮೂತಿ ಬಿರುಕಿನ ಆಚೆ ಅಂಚನ್ನು ನಾಲ್ಕು ಬೆರಳಷ್ಟೇ ಕಚ್ಚಿತು. ನಾಯಿಗಳು ದಾಟಿದವು. ಅತ್ತೆ ಅಂಬೆಗಾಲಿಟ್ಟು ಹೋದರು. ಕೊನೆಯವನಾದ ನಾನು ಜಾರುಬಂಡಿಯ ಹಿಂಬದಿಯನ್ನು ಅದುಮಿ ಹಿಡಿದು ಮೀನಖಂಡದವರೆಗೆ ನೀರಲ್ಲಿ ನಿಂತಿದ್ದೆ. ಎಡಗಾಲಿಗೆ ಒಂದು ಹನಿಯೂ ಸೋಕಲಿಲ್ಲ. ಸರಿಯಾಗಿದೆ ಎಂದಿದ್ದ ಬಲಬೂಟು ಸೋರಿ, ಕಾಲಿಗೆ ಸಾವಿರ ಸೂಜಿ ಒಟ್ಟಿಗೆ ಚುಚ್ಚಿದವು.

ದಾಟಿದ ಮೇಲೆ ಏನೂ ಆಗದವನಂತೆ ಕುಂಟಿದೆ. ಅತ್ತೆ ನನ್ನ ತೋಳು ಹಿಡಿದು ಕೂರಿಸಿ, ಬೂಟು ಕಿತ್ತು, ಬೆಳ್ಳಗಾಗಿದ್ದ ಪಾದವನ್ನು ತಮ್ಮ ತೊಗಲಂಗಿಯೊಳಗೆ ಎಳೆದುಕೊಂಡು ಬರಿಹೊಟ್ಟೆಗೆ ಒತ್ತಿಕೊಂಡರು. ಥಂಡಿಗೆ ಅವರ ಉಸಿರು ಕಟ್ಟಿತು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

ಕಿರುಬೆರಳು ಉಳಿಯಲಿಲ್ಲ. ಮಿಕ್ಕ ನಾಲ್ಕು ಆ ಹೊಟ್ಟೆಯ ಶಾಖದಲ್ಲಿ ಒಂದೊಂದಾಗಿ ಕೆಂಪಾದವು.